ಪಿಗ್ಮಿ ನಿಂತ ಮನೆಯ ಲೆಕ್ಕ: ಉಡುಪಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಸಿಇಓ ಅವ್ರಿಗೆ, ಮತ್ತೆ ಇದನ್ನ ಓದುವ ನಮ್ಮ ಜಿಲ್ಲೆಯ ಎಲ್ಲಾ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ. ನಾನು 23 ವರ್ಷ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಕಲೆಕ್ಷನ್ ಮಾಡಿದವಳು. ಬೆಳಿಗ್ಗೆ ಅಂಗಡಿಗಳು, ಮಧ್ಯಾಹ್ನದ ಮೇಲೆ ಮನೆಗಳು, ಮಳೆಗಾಲ ಆದ್ರೂ ಕೊಡೆ ಹಿಡ್ಕೊಂಡು ಹೋಗುದೇ. ಪಿಗ್ಮಿ ಅಂದ್ರೆ ಎಂತ ಅಂತ ಉಡುಪಿಯವ್ರಿಗೆ ಹೇಳ್ಬೇಕಾಗಿಲ್ಲ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವ್ರು ಉಳಿತಾಯಕ್ಕೆ ದಿನಕ್ಕೆ ಎರಡಾಣೆ ಕೊಟ್ರೂ ಸಾಕು ನಾವೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗ್ತೇವೆ ಅಂತ ಶುರು ಮಾಡಿದ್ದು ಇದೇ ಊರಲ್ಲಿ. ದಿನಾ ಒಂದು ಮನೆ ಬಾಗಿಲಿಗೆ ಹೋಗುವವಳಿಗೆ ಆ ಮನೆಯ ಸಂಗತಿ ಯಾರೂ ಹೇಳದೆ ತಿಳೀತದೆ. ಮಗಳ ಮದುವೆ ಗೊತ್ತಾದ್ರೆ ಪಿಗ್ಮಿ 50 ಇದ್ದದ್ದು 100 ಆಗ್ತದೆ, ಗಂಡ ಬೋಟಿನ ಕೆಲಸ ಬಿಟ್ರೆ 20ಕ್ಕೆ ಇಳೀತದೆ, ಯಾರಾದ್ರೂ ಆಸ್ಪತ್ರೆಯಲ್ಲಿದ್ರೆ "ಇವತ್ತು ಬೇಡ ಅಕ್ಕ, ನಾಡಿದ್ದು ಬನ್ನಿ" ಅಂತಾರೆ. ನಾನು ಇವತ್ತು ಬರೀತಿರೋದು ಪಿಗ್ಮಿ ಪೂರ್ತಿ ನಿಂತುಹೋದ ಒಂದು ಮನೆಯ ಬಗ್ಗೆ.

ಊರು ಯಾವುದು ಅಂತ ಬರೆಯೋದಿಲ್ಲ. ಮಗುವಿನ ವಯಸ್ಸು, ಅಪ್ಪ ಅಮ್ಮನ ಕೆಲಸ, ವರ್ಷ, ಎಲ್ಲಾ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 23ನೇ ಕಲಂ ಮಗುವಿನ ಗುರುತು ಸಿಗುವ ಹಾಗೆ ಬರೀಬಾರ್ದು ಅಂತ ಹೇಳ್ತದೆ, ಕಾನೂನು ಹೇಳದಿದ್ರೂ ನಾನು ಬರೀತಿರ್ಲಿಲ್ಲ. ಆ ತಾಯಿಯ ಹತ್ರ ಕೇಳಿಯೇ ಬರೀತಿದ್ದೇನೆ. "ಬರೀರಿ ಅಕ್ಕ, ಆದ್ರೆ ನಮ್ಮನೆ ಅಂತ ಗೊತ್ತಾಗ್ಬಾರ್ದು" ಅಂದ್ಳು.

ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವ, ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಪೀಲಿಂಗ್. ದೊಡ್ಡ ಮಗ ಪಿಯುಸಿ, ಸಣ್ಣವಳು ಆರನೇ ಕ್ಲಾಸು. ದಿನಕ್ಕೆ 50 ರೂಪಾಯಿ ಪಿಗ್ಮಿ, ಅಂದ್ರೆ ವರ್ಷಕ್ಕೆ 18,250, ಮೇಲೆ ಬಡ್ಡಿ. ಆ ದುಡ್ಡು ಮಗನ ಡಿಪ್ಲೊಮಾಗೆ ಅಂತ ಮೊದಲೇ ತೀರ್ಮಾನ ಆಗಿತ್ತು. ಒಂದಿನ ಹೋದಾಗ ಬಾಗಿಲು ಹಾಕಿತ್ತು, ಮರುದಿನವೂ ಹಾಗೇ, ವಾರ ಆಯ್ತು. ಎಂಟನೇ ದಿನ ಅಜ್ಜಿ ಬಾಗಿಲು ತೆಗೆದು "ಇನ್ನು ಬರ್ಬೇಡಿ, ಅದನ್ನ ಮುರಿಸ್ಬೇಕಂತೆ" ಅಂದ್ರು. ಮಗುವಿಗೆ ಏನಾಯ್ತು ಅಂತ ನಾನು ಇಲ್ಲಿ ಬರೆಯೋದಿಲ್ಲ. ಮಾಡಿದವ ಆ ಮನೆಗೆ ಹತ್ತು ವರ್ಷದಿಂದ ಬಂದು ಹೋಗ್ತಿದ್ದವ, ಊಟಕ್ಕೆ ಕೂತ್ರೆ ಮಗುವೇ ನೀರು ತಂದು ಕೊಡ್ತಿತ್ತು, ಇಷ್ಟು ಸಾಕು.

ಕೇಸ್ ಆಯ್ತು. ಅಮ್ಮ ಧೈರ್ಯ ಮಾಡಿದ್ಳು, ಗಂಡನ ಕಡೆಯವ್ರೆಲ್ಲ ಬೇಡ ಅಂದ್ರೂ ಸ್ಟೇಷನ್ನಿಗೆ ಹೋದ್ಳು. ಅಲ್ಲಿಂದ ಮುಂದೆ ಆ ಮನೆಯಿಂದ ದುಡ್ಡು ಹೇಗೆ ಹೋಯ್ತು ಅಂತ ನಾನು ಮತ್ತು ಅವಳು ಇಬ್ಬರೂ ಕೂತು ಒಂದು ನೋಟ್‌ಬುಕ್ಕಲ್ಲಿ ಬರ್ದಿದ್ದೇವೆ, ಅದೇ ಈ ಪತ್ರಕ್ಕೆ ಕಾರಣ.

ಮೊದಲನೇದು ಪಿಗ್ಮಿ, ಅವಧಿಗೆ ಮೊದಲೇ ಮುರಿಸಿದ್ರಿಂದ ಬಡ್ಡಿ ಹೋಯ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಡೆಪಾಸಿಟ್ ಕಟ್ಟಿ ಅಂದ್ರಂತೆ, ಆ ಗಾಬರಿಯಲ್ಲಿ ಕಟ್ಟಿದ್ರು. ಅತ್ಯಾಚಾರ, ಆಸಿಡ್ ದಾಳಿ, ಪೋಕ್ಸೋದಂಥ ಪ್ರಕರಣಗಳಲ್ಲಿ ಸರ್ಕಾರಿ ಇರ್ಲಿ ಖಾಸಗಿ ಇರ್ಲಿ ಯಾವ ಆಸ್ಪತ್ರೆಯಾದ್ರೂ ಕೂಡ್ಲೇ ಉಚಿತವಾಗಿ ಚಿಕಿತ್ಸೆ ಕೊಡ್ಬೇಕು ಅಂತ ಕಾನೂನೇ ಉಂಟು, ಮೊದಲು ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಇದು ನನಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ, ಅವಳಿಗೆ ನಾನು ಹೇಳಿದ ಮೇಲೆ. ಕೌಂಟರಲ್ಲಿ ಕೂತವ್ರಿಗೆ ಗೊತ್ತಿರ್ಲಿಲ್ವಾ, ಗೊತ್ತಿದ್ದೂ ಹೇಳ್ಲಿಲ್ವಾ, ನಾನು ಹೇಳ್ಲಿಕ್ಕೆ ಹೋಗುದಿಲ್ಲ.

ಆಮೇಲೆ ವಾಯಿದೆಗಳು. ಮೂರು ವರ್ಷದಲ್ಲಿ 14 ಸಲ ಅವಳು ಕೋರ್ಟಿಗೆ ಹೋಗಿದ್ದಾಳೆ. ಪೀಲಿಂಗಲ್ಲಿ ಹೋದಷ್ಟು ದಿನಕ್ಕೆ, ಮಾಡಿದಷ್ಟು ಕೆಜಿಗೆ ಸಂಬಳ, ಹೋಗದ ದಿನ ಸೊನ್ನೆ. ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ, ಅದಕ್ಕೆ ಗಂಡನೂ ಬರ್ಬೇಕು, ಅವನು ಒಂದು ಟ್ರಿಪ್ಪು ಬಿಟ್ರೆ ಒಂದು ದಿನ ಹೋದದ್ದಲ್ಲ, ಬೋಟು ಹತ್ತು ದಿನಕ್ಕೆ ಸಮುದ್ರಕ್ಕೆ ಹೋದ್ರೆ ಹತ್ತು ದಿನದ ಪಾಲೂ ಹೋಯ್ತು. ಎರಡು ವಾಯಿದೆ ಜೂನ್ ಜುಲೈಯಲ್ಲಿ ಬಂದಿತ್ತು, ಮೀನುಗಾರಿಕೆ ನಿಷೇಧದ 61 ದಿನ ಹೇಗೂ ಮನೆಯಲ್ಲಿ ದುಡ್ಡಿಲ್ಲ, ಆಗ ಬಸ್ಸಿಗೆ ಅಂತ ಕಿವಿಯ ಬೆಂಡೋಲೆ ಅಡವಿಟ್ಟಳು. ಆ ಬೆಂಡೋಲೆ ಇನ್ನೂ ಬಿಡಿಸಿಲ್ಲ.

ಮಗಳನ್ನ ಕೌನ್ಸೆಲಿಂಗಿಗೆ ಕರ್ಕೊಂಡು ಹೋಗ್ಬೇಕು ಅಂತ ಡಾಕ್ಟ್ರು ಹೇಳಿದ್ರು, ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ, 15 ದಿನಕ್ಕೊಮ್ಮೆ. ನಾಲ್ಕು ಸಲ ಹೋದ್ರು. ಐದನೇ ಸಲ ದುಡ್ಡಿರ್ಲಿಲ್ಲ, ಆರನೇ ಸಲ ಮಗು ಬರೋದಿಲ್ಲ ಅಂತ, ಮತ್ತೆ ಅದು ನಿಂತೇಹೋಯ್ತು. ನನಗೆ ಈ ನಾಲ್ಕು ಸಲದ ಲೆಕ್ಕ ಬಹಳ ಚುಚ್ಚಿದೆ. ಐದನೇ ಸಲದ ಬಸ್ ಚಾರ್ಜ್ ಯಾರಾದ್ರೂ ಕೊಟ್ಟಿದ್ರೆ ಅಂತ ರಾತ್ರಿ ಮಲಗಿದಾಗ ಅನಿಸ್ತದೆ.

ಮನೆ ಬದಲಿಸಿದ್ರು. ಪಕ್ಕದ ಮನೆಯವ್ರು ಮಾತು ಬಿಟ್ಟದ್ದು, ಆ ವರ್ಷ ಊರಿನ ದೈವದ ನೇಮಕ್ಕೆ ಬನ್ನಿ ಅಂತ ಹೇಳಿಕೆ ಬರ್ಲಿಲ್ಲ, ಅಜ್ಜಿ ಅದಕ್ಕೆ ಅತ್ತದ್ದು ನೋಡ್ಲಿಕ್ಕಾಗ್ತಿರ್ಲಿಲ್ಲ. ತಪ್ಪು ಮಾಡಿದವನ ಮನೆಗೆ ಹೇಳಿಕೆ ಹೋಗಿತ್ತು. ಬಾಡಿಗೆ ಮನೆಗೆ ಅಡ್ವಾನ್ಸ್, ಸಾಮಾನು ಸಾಗ್ಸಿದ ಟೆಂಪೋ, ಹೊಸ ಶಾಲೆಗೆ ಯೂನಿಫಾರ್ಮು. ಹೊಸ ಶಾಲೆಯಲ್ಲಿ ಮಗು ಏಳನೇ ಕ್ಲಾಸಲ್ಲಿ ಇಡೀ ವರ್ಷ ಹೆಚ್ಚೂಕಡಿಮೆ ಮಾತಾಡಿಲ್ಲ, ಗಣಿತದಲ್ಲಿ ಮೊದಲು 90ರ ಮೇಲೆ ತೆಗೀತಿದ್ದವಳು.

ಅಣ್ಣನ ಲೆಕ್ಕ ಯಾರೂ ಹಾಕುದಿಲ್ಲ. ಡಿಪ್ಲೊಮಾ ಸೇರ್ಲಿಲ್ಲ ಅವನು. ಪಿಯುಸಿ ಅರ್ಧಕ್ಕೆ ಬಿಟ್ಟು ಒಂದು ಮೊಬೈಲ್ ಅಂಗಡಿಗೆ ಸೇರಿದ, ಮನೆಯಲ್ಲಿ ಸಾಲ ಇತ್ತಲ್ಲ. ಒಬ್ಬಳಿಗೆ ಆದ ಹಿಂಸೆಗೆ ಇಬ್ಬರು ಮಕ್ಕಳ ಓದು ಹೋಯ್ತು. ಅವನು ಡಿಪ್ಲೊಮಾ ಮಾಡಿದ್ರೆ ಮುಂದಿನ 35 ವರ್ಷ ಎಷ್ಟು ದುಡೀತಿದ್ದ, ಎಷ್ಟು ಟ್ಯಾಕ್ಸ್ ಕಟ್ತಿದ್ದ, ಅದು ಯಾವ ಇಲಾಖೆಯ ಪುಸ್ತಕದಲ್ಲೂ ನಷ್ಟ ಅಂತ ಬರೋದಿಲ್ಲ.

ನಾನು ಓದಿದ್ದು ಬಿಕಾಂ ಮಾತ್ರ, ಆದ್ರೆ ಈ ಲೆಕ್ಕ ಬೇರೆ ಯಾರಾದ್ರೂ ಮಾಡಿದ್ದಾರಾ ಅಂತ ಹುಡುಕ್ತಾ ಹೋದೆ. ಅಮೆರಿಕದಲ್ಲಿ ಮಾಡಿದ್ದಾರೆ. ಅಲ್ಲಿಯ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹಿಂಸೆಗೆ, ಅಲಕ್ಷ್ಯಕ್ಕೆ ಒಳಗಾದ ಒಂದು ಮಗು ಬದುಕುಳಿದ್ರೆ ಅದರ ಇಡೀ ಜೀವಮಾನದಲ್ಲಿ ಆಗುವ ಖರ್ಚು ಮತ್ತು ನಷ್ಟ 2010ರ ಬೆಲೆಯಲ್ಲಿ 2,10,012 ಡಾಲರ್ ಅಂತ. 2008ನೇ ಒಂದೇ ವರ್ಷದ ಹೊಸ ಪ್ರಕರಣಗಳನ್ನು ಕೂಡಿಸಿದ್ರೆ ದೇಶಕ್ಕೆ 124 ಬಿಲಿಯನ್ ಡಾಲರ್, ಅಂದ್ರೆ 12,400 ಕೋಟಿ ಡಾಲರ್. ಡಾಲರ್ ಲೆಕ್ಕ ನಮಗೆ ಹಾಗೇ ಹೊಂದುದಿಲ್ಲ, ಅಲ್ಲಿಯ ಆಸ್ಪತ್ರೆ ಬೇರೆ, ಸಂಬಳ ಬೇರೆ. ಆದ್ರೆ ಆ ಮೊತ್ತವನ್ನ ಒಡೆದು ನೋಡಿದ್ರೆ ಒಂದು ವಿಷಯ ಕಾಣ್ತದೆ, ಅದು ಮಾತ್ರ ನನಗೆ ಮನಸ್ಸಿಂದ ಹೋಗುದಿಲ್ಲ. ಪೊಲೀಸು, ಕೋರ್ಟು, ಜೈಲು ಎಲ್ಲಾ ಸೇರಿ 6,747 ಡಾಲರ್. ಬಾಲ್ಯದ ಚಿಕಿತ್ಸೆಗೆ 32,648. ದೊಡ್ಡವರಾದ ಮೇಲಿನ ಚಿಕಿತ್ಸೆಗೆ 10,530. ಆದ್ರೆ ಆ ಮಗು ದೊಡ್ಡ ಆದ ಮೇಲೆ ದುಡೀಬೇಕಾಗಿದ್ದು, ದುಡಿಯಲಿಕ್ಕಾಗದೆ ಹೋದದ್ದು 1,44,360 ಡಾಲರ್. ಹತ್ತಿರ ಹತ್ತಿರ ನೂರಕ್ಕೆ 70 ಪಾಲು!

ನಾವು ಇಲ್ಲಿ ಮಕ್ಕಳ ಮೇಲಿನ ಹಿಂಸೆ ಅಂದ ಕೂಡ್ಲೇ ಗಲ್ಲು ಶಿಕ್ಷೆ ಕೊಡಿ, 20 ವರ್ಷ ಒಳಗೆ ಹಾಕಿ ಅಂತ ಮಾತಾಡ್ತೇವೆ, 2019ರ ತಿದ್ದುಪಡಿಯಲ್ಲಿ ಅದೂ ಬಂತು. ಶಿಕ್ಷೆ ಬೇಕು, ನಾನೂ ಬೇಕು ಅಂತ್ಲೇ ಹೇಳ್ತೇನೆ. ಆದ್ರೆ ಇಡೀ ಮಾತು ಶಿಕ್ಷೆಯಲ್ಲೇ ಮುಗೀತದೆ, ಆ ಮಗು ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತದೆ, ಶಾಲೆ ಬಿಡ್ತದಾ, ಬಿಡದೆ ಇರ್ಲಿಕ್ಕೆ ಎಷ್ಟು ಖರ್ಚಾಗ್ತದೆ ಅಂತ ಒಬ್ಬರೂ ಕೇಳುದಿಲ್ಲ. ದೊಡ್ಡ ನಷ್ಟ ಇರೋದೇ ಅಲ್ಲಿ.

ನಮ್ಮ ದೇಶದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು, 13 ರಾಜ್ಯಗಳಲ್ಲಿ 12,447 ಮಕ್ಕಳನ್ನ ಮಾತಾಡಿಸಿ ಮಾಡಿದ್ದು. ಮೂರರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದೇವೆ ಅಂದ್ರು, ಶೇ. 53.22 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅಂದ್ರು, ಅದರಲ್ಲಿ ಗಂಡು ಮಕ್ಕಳು ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ. ಆ 13 ರಾಜ್ಯಗಳಲ್ಲಿ ನಮ್ಮ ಕರ್ನಾಟಕ ಇರ್ಲಿಲ್ಲ, ಕೇರಳ ಗೋವಾ ಇತ್ತು. ಪಕ್ಕದ ಮನೆಯಲ್ಲಿ ಲೆಕ್ಕ ಹಾಕಿದ್ರು ಅಂತ ನಮ್ಮ ಮನೆಯಲ್ಲಿ ಇಲ್ಲ ಅಂತ ಅರ್ಥ ಅಲ್ಲ.

ಗಂಡು ಮಕ್ಕಳ ಮಾತು ಬಂತು, ಅದಕ್ಕೆ ನನ್ನ ಅಣ್ಣಯ್ಯನ ಬಗ್ಗೆ ಬರೀಬೇಕು. ಇದುವರೆಗೆ ಎಲ್ಲೂ ಬರ್ದಿಲ್ಲ ಅದನ್ನ.

ನನಗಿಂತ ಒಂಬತ್ತು ವರ್ಷ ದೊಡ್ಡವ. ಶಾಲೆಯಲ್ಲಿ ಒಬ್ಬ ಮಾಷ್ಟ್ರು ನಾಗರಬೆತ್ತದಲ್ಲಿ ಹೊಡೆದು ಕೈ ಬಾತುಹೋಗಿ ಅನ್ನ ಕಲಸ್ಲಿಕ್ಕೆ ಆಗ್ತಿರ್ಲಿಲ್ಲ ಅವನಿಗೆ, ಅಮ್ಮ ಉಣಿಸ್ತಿದ್ದದ್ದು ನನಗೆ ಮಸುಕಾಗಿ ನೆನಪುಂಟು. ಅಪ್ಪನ ಹತ್ರ ಹೇಳಿದ್ರೆ ಅಲ್ಲೂ ಎರಡು ಪೆಟ್ಟು, ಮಾಷ್ಟ್ರು ಸುಮ್ಮನೆ ಹೊಡೀತಾರಾ ಅಂತ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ, 12 ವರ್ಷಕ್ಕೆ ಮುಂಬೈಗೆ ಹೋದ, ಆಗ ನಮ್ಮ ಕಡೆಯಿಂದ ಎಷ್ಟು ಮಕ್ಕಳು ಹೀಗೆ ಹೋಟ್ಲಿಗೆ ಅಂತ ಬಸ್ಸು ಹತ್ತಿದ್ದಾರೆ ಅಂತ ಎಲ್ಲಾ ಮನೆಯವ್ರಿಗೂ ಗೊತ್ತುಂಟು. ಕೆಲವರು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ್ರು, ಸ್ವಂತ ಹೋಟೆಲ್ ಮಾಡಿದ್ರು, ಊರಿನ ದೇವಸ್ಥಾನಕ್ಕೆ ದುಡ್ಡು ಕೊಟ್ರು, ಅವ್ರ ಕತೆ ಎಲ್ಲರೂ ಹೇಳ್ತಾರೆ. ನನ್ನ ಅಣ್ಣಯ್ಯನಂಥವ್ರ ಕತೆ ಯಾರೂ ಹೇಳುದಿಲ್ಲ. ಟೇಬಲ್ ಒರೆಸುದು, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗುದು, ಅಲ್ಲಿ ಮಲಗುವ ದೊಡ್ಡವರಲ್ಲಿ ಒಬ್ಬ ಅವನಿಗೆ ಏನು ಮಾಡಿದ ಅಂತ ಅವನು ಒಂದೇ ಒಂದು ಸಲ ನನ್ನ ಹತ್ರ ಹೇಳಿದ್ದು, 40 ದಾಟಿದ ಮೇಲೆ, ಅದೂ ಕುಡಿದಾಗ. ಮರುದಿನ ಕೇಳಿದ್ರೆ ನಾನು ಹಾಗೆ ಹೇಳ್ಲೇ ಇಲ್ಲ ಅಂದ.

ಊರಿಗೆ ಬಂದು ಎಷ್ಟು ಕೆಲಸ ಹಿಡಿದ, ಎಷ್ಟು ಬಿಟ್ಟ. ಮದುವೆ ಮಾಡಿದೆವು, ಅತ್ತಿಗೆ ಎರಡು ವರ್ಷ ತಡ್ಕೊಂಡು ತವರಿಗೆ ಹೋದ್ರು. ಮಗನಿಗೆ ಅವನೂ ಹೊಡೀತಿದ್ದ, ಅದೇ ಕೈಯಲ್ಲಿ. ಲಿವರ್ ಹೋಗಿ 47ಕ್ಕೆ ತೀರಿಕೊಂಡ. ಆಸ್ಪತ್ರೆ ಬಿಲ್ಲು ಕಟ್ಟಿದ್ದು ನಾನು ಮತ್ತು ಅಕ್ಕ, ಅಕ್ಕನ ಚಿನ್ನ ಹೋಯ್ತು. ಊರಲ್ಲಿ ಎಲ್ಲರೂ ಹೇಳಿದ್ದು "ಕುಡಿದು ಹಾಳಾದ" ಅಂತ. ನಾನೂ ಬಹಳ ವರ್ಷ ಹಾಗೇ ತಿಳ್ಕೊಂಡಿದ್ದೆ, ಅವನ ಮೇಲೆ ಸಿಟ್ಟಲ್ಲೇ ಇದ್ದೆ.

1998ರಲ್ಲಿ ಅಮೆರಿಕದ ಡಾಕ್ಟರುಗಳಾದ ಫೆಲಿಟ್ಟಿ ಮತ್ತು ಆಂಡಾ ತಂಡದವ್ರು ಒಂದು ಅಧ್ಯಯನ ಪ್ರಕಟಿಸಿದ್ರು, ಬಾಲ್ಯದ ಕಹಿ ಅನುಭವಗಳ ಬಗ್ಗೆ, ಸಾವಿರಾರು ದೊಡ್ಡವ್ರನ್ನ ಕೇಳಿ ಮಾಡಿದ್ದು. ಬಾಲ್ಯದಲ್ಲಿ ಪೆಟ್ಟು, ಲೈಂಗಿಕ ಹಿಂಸೆ, ಮನೆಯಲ್ಲಿ ಹೊಡೆದಾಟ ಇಂಥ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಅನುಭವ ಇದ್ದವ್ರಿಗೆ ಯಾವುದೂ ಇಲ್ಲದವ್ರಿಗಿಂತ ಕುಡಿತದ ಚಟ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಜಾಸ್ತಿ ಅಂತ ಕಂಡಿತು. ಹೃದಯದ ಕಾಯಿಲೆ, ಲಿವರ್ ಕಾಯಿಲೆ ಕೂಡ. ಇದನ್ನ ಓದಿದ ದಿನ ನಾನು ಅಣ್ಣಯ್ಯನ ಫೋಟೋದ ಎದುರು ತುಂಬಾ ಹೊತ್ತು ಕೂತಿದ್ದೆ.

ಅದಕ್ಕೇ "ನಾವೆಲ್ಲ ಪೆಟ್ಟು ತಿಂದೇ ದೊಡ್ಡ ಆದದ್ದು, ಎಂತ ಆಯ್ತು ಈಗ" ಅಂತ ಯಾರಾದ್ರೂ ಹೇಳಿದ್ರೆ ನನಗೆ ತಡೆಯೋದಿಲ್ಲ. ಹಾಗೆ ಹೇಳ್ಲಿಕ್ಕೆ ಉಳಿದವ್ರು ಹೇಳ್ತಾರೆ ಮಾರಾಯ್ರೆ, ಉಳಿಯದವ್ರು ಬಂದು ಹೇಳುದಿಲ್ಲ. ಶಾಲೆಯಲ್ಲಿ ಹೊಡಿಯೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಂನಲ್ಲಿ ಬೇಡ ಅಂದಿದೆ, ದೈಹಿಕವೂ ಬೇಡ, ಮನಸ್ಸಿಗೆ ನೋವಾಗುವ ಶಿಕ್ಷೆಯೂ ಬೇಡ ಅಂತ. ಆದ್ರೂ ಬೆತ್ತ ಇಟ್ಟ ಕಪಾಟು ನಾನು ಪಿಗ್ಮಿಗೆ ಹೋಗುವಾಗ ನೋಡಿದ್ದೇನೆ, ಅದೂ ಇತ್ತೀಚೆಗೆ.

ಮುಚ್ಚಿಹಾಕೋದರ ಬಗ್ಗೆಯೂ ಹೇಳ್ಬೇಕು, ಯಾಕಂದ್ರೆ ಅದಕ್ಕೂ ಒಂದು ಬೆಲೆ ಉಂಟು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನ ನೋಡಿದ್ರೆ ಮಕ್ಕಳ ಮೇಲಿನ ಅತ್ಯಾಚಾರದ ಪೋಕ್ಸೋ ಕೇಸುಗಳಲ್ಲಿ ನೂರಕ್ಕೆ 96ರ ಆಸುಪಾಸು ಆರೋಪಿ ಮಗುವಿಗೆ ಮೊದಲೇ ಪರಿಚಯದವ. ಮನೆಯವ, ನೆರೆಯವ, ಸಂಬಂಧಿಕ, ಪರಿಚಿತ. ಹಾಗಾಗಿ ಕೇಸ್ ಅಂದ್ರೆ ಅರ್ಧ ಕುಟುಂಬದ ಜೊತೆ ಜಗಳ, ಹಾಗಾಗಿಯೇ ಊರಿನ ನಾಲ್ಕು ಜನ ಕೂತು ರಾಜಿ ಪಂಚಾಯ್ತಿ ಮಾಡ್ತಾರೆ, ಇಷ್ಟು ದುಡ್ಡು ಕೊಡ್ತಾನೆ, ಊರು ಬಿಡ್ತಾನೆ, ಹುಡುಗಿಯ ಭವಿಷ್ಯ ನೋಡಿ ಅಂತ. ಭವಿಷ್ಯ ನೋಡಿ ಅಂತ ಹೇಳಿಯೇ ಅವಳನ್ನ ಶಾಲೆ ಬಿಡಿಸಿ ದೂರದ ಸಂಬಂಧಿಕರ ಮನೆಗೆ ಕಳಿಸ್ತಾರೆ, ಅಲ್ಲಿ ಅವಳು ಮನೆಕೆಲಸದವಳ ಹಾಗೆ ಬೆಳೀತಾಳೆ, 18 ಆಗುದನ್ನೇ ಕಾದು ಮದುವೆ. ನಾನು ಪಿಗ್ಮಿ ತಗೊಳ್ತಿದ್ದ ಮನೆಗಳಲ್ಲೇ ಇಂಥದ್ದು ಒಂದಲ್ಲ, ಎರಡು ನೋಡಿದ್ದೇನೆ, ಆಗ ನಾನೂ ಸುಮ್ಮನಿದ್ದೆ. ಗೊತ್ತಿದ್ದೂ ಪೊಲೀಸರಿಗೆ ಹೇಳದಿದ್ರೆ ಪೋಕ್ಸೋದ 19 ಮತ್ತು 21ನೇ ಕಲಂ ಪ್ರಕಾರ ಅದೂ ಅಪರಾಧ, ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದ್ರೆ ಒಂದು ವರ್ಷದವರೆಗೆ. ಆಗ ನನಗೆ ಇದು ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅನ್ನೋದು ಆ ಎರಡು ಹುಡುಗಿಯರಿಗೆ ಉತ್ತರ ಅಲ್ಲ ಅಂತಲೂ ನನಗೆ ಗೊತ್ತುಂಟು.

ಹೇಳಿದವ್ರಿಗೆ ಮೂರು ವರ್ಷ ಹೀಗೆ ಸುಸ್ತಾಗ್ತದೆ ಅಂತ ಊರಿಗೆಲ್ಲ ಕಂಡ್ರೆ ಮುಂದಿನ ಮನೆಯವ್ರು ಯಾಕೆ ಹೇಳ್ತಾರೆ? ಈ ತಾಯಿಯನ್ನ ನೋಡಿ ಎಷ್ಟು ತಾಯಂದಿರು ಬಾಯಿ ಮುಚ್ಚಿರ್ಬಹುದು. ಪೋಕ್ಸೋ ಕಾಯ್ದೆಯ 35ನೇ ಕಲಂನಲ್ಲಿ ಕೋರ್ಟು ಕೇಸ್ ತಗೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗ್ಬೇಕು, ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ಕೇಸ್ ಮುಗೀಬೇಕು ಅಂತ ಉಂಟು. ಕೋರ್ಟಿನ ವಿಷಯ ತಮ್ಮ ಕೈಯಲ್ಲಿಲ್ಲ, ಅದು ನನಗೂ ಗೊತ್ತು. ತಮ್ಮ ಕೈಯಲ್ಲಿ ಇರುವ ವಿಷಯಕ್ಕೆ ಬರ್ತೇನೆ.

2020ರ ಪೋಕ್ಸೋ ನಿಯಮಗಳಲ್ಲಿ 8ನೇ ನಿಯಮ ಅಂತ ಒಂದುಂಟು. ಊಟ, ಬಟ್ಟೆ, ಓಡಾಟ, ಬೇರೆ ತುರ್ತು ಅಗತ್ಯಗಳಿಗೆ ಮಗುವಿಗೆ ಕೂಡ್ಲೇ ದುಡ್ಡು ಕೊಡಿ ಅಂತ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಶಿಫಾರಸು ಸಿಕ್ಕಿದ ಒಂದು ವಾರದೊಳಗೆ ಅದನ್ನ ಕೊಡ್ಬೇಕು. ಓಡಾಟ ಅಂತ ಸ್ಪಷ್ಟವಾಗಿ ಬರ್ದಿದೆ. ನಾನು ಅದನ್ನ ಎರಡೆರಡು ಸಲ ಓದಿದೆ. ಐದನೇ ಸಲದ ಆ ಬಸ್ ಚಾರ್ಜು, ಯಾವ ಚಾರ್ಜಿಗೆ ಮಗುವಿನ ಚಿಕಿತ್ಸೆ ನಿಂತಿತೋ, ಅದು ಕಾನೂನಲ್ಲಿ ಮೊದಲೇ ಇತ್ತು. 9ನೇ ನಿಯಮದಲ್ಲಿ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದ್ರೂ ಮಧ್ಯಂತರ ಪರಿಹಾರಕ್ಕೆ ವಿಶೇಷ ಕೋರ್ಟು ಆದೇಶ ಮಾಡಬಹುದು, ಆದೇಶ ಸಿಕ್ಕಿ 30 ದಿನದಲ್ಲಿ ಸರ್ಕಾರ ಕೊಡ್ಬೇಕು. ಅಂದ್ರೆ ಕೇಸ್ ಮುಗಿದು ತೀರ್ಪು ಬರುವವರೆಗೆ ಕಾಯ್ಬೇಕಾಗಿಲ್ಲ. ಇವ್ರು ಕಾಯ್ತಾ ಕೂತಿದ್ರು, ಯಾಕಂದ್ರೆ ಅರ್ಜಿ ಹಾಕ್ಲಿಕ್ಕೆ ಉಂಟು ಅಂತ್ಲೇ ಯಾರೂ ಹೇಳಿರ್ಲಿಲ್ಲ.

ಇದನ್ನೆಲ್ಲ ಹೇಳ್ಲಿಕ್ಕೇ ಬೆಂಬಲ ವ್ಯಕ್ತಿ ಅಂತ ಒಬ್ಬರನ್ನ ಕೊಡುವ ವ್ಯವಸ್ಥೆ ನಿಯಮದಲ್ಲಿದೆ, ಕೇಸ್ ಶುರುವಿನಿಂದ ಕೊನೆವರೆಗೆ ಮಗುವಿನ ಜೊತೆ ಇರುವವ್ರು. 2023ರಲ್ಲಿ ಸುಪ್ರೀಂ ಕೋರ್ಟು ಇದು ಇಷ್ಟ ಇದ್ರೆ ಮಾಡುವ ಕೆಲಸ ಅಲ್ಲ, ಮಾಡ್ಲೇಬೇಕು ಅಂತ ರಾಜ್ಯಗಳಿಗೆ ಹೇಳಿದೆ. ಈ ಮನೆಗೆ ಒಬ್ಬರು ಒಂದು ಸಲ ಫೋನ್ ಮಾಡಿದ್ರಂತೆ, ಮತ್ತೆ ಇಲ್ಲ. ಅವ್ರ ಮೇಲೂ ನನಗೆ ಸಿಟ್ಟಿಲ್ಲ, ಒಬ್ಬರ ತಲೆ ಮೇಲೆ ಎಷ್ಟು ಮಕ್ಕಳಿದ್ದಾರೋ, ಅವ್ರ ಪೆಟ್ರೋಲಿಗೆ ಎಷ್ಟು ಕೊಡ್ತಾರೋ.

ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ, ಮಕ್ಕಳ ಕಲ್ಯಾಣ ಸಮಿತಿಯ ಕೆಲಸ ಹೇಗೆ ನಡೀತಿದೆ ಅಂತ ನೋಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಅದಕ್ಕೇ ಈ ಪತ್ರ ಬೆಂಗಳೂರಿಗೆ ಬರೀದೆ ಮಣಿಪಾಲದ ರಜತಾದ್ರಿಗೆ, ಅಂದ್ರೆ ತಮ್ಮ ಕಚೇರಿಗೆ, ಬರೀತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕಳೆದ ಐದು ವರ್ಷದಲ್ಲಿ ಎಷ್ಟು ಪೋಕ್ಸೋ ಕೇಸು ಆಗಿದೆ, ಅದರಲ್ಲಿ ಎಷ್ಟು ಮಕ್ಕಳಿಗೆ 8ನೇ ನಿಯಮದ ದುಡ್ಡು ಹೋಗಿದೆ, ಎಷ್ಟು ದಿನಕ್ಕೆ ಹೋಗಿದೆ, ಎಷ್ಟು ಮಕ್ಕಳಿಗೆ ಬೆಂಬಲ ವ್ಯಕ್ತಿ ಸಿಕ್ಕಿದ್ದಾರೆ, ಕೇಸ್ ಆಗಿ ಒಂದು ವರ್ಷದ ನಂತರ ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದಿದ್ದಾರೆ, ಇದನ್ನ ಹೆಸರು ಊರು ಇಲ್ಲದೆ ಅಂಕೆ ಮಾತ್ರ ಜನರ ಮುಂದೆ ಇಡಿ. ಕೊನೆಯದು ಬಹಳ ಮುಖ್ಯ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆ ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ ಮೇಲೆ ಬಂದ್ರೆ ಎಷ್ಟು ಹೆಮ್ಮೆ ಪಡ್ತೇವೆ, ಆ ಪರೀಕ್ಷೆಗೆ ಕೂರುವ ಮೊದಲೇ ಬಿಟ್ಟುಹೋದ ಮಗು ಯಾವ ಶೇಕಡಾದಲ್ಲೂ ಬರೋದಿಲ್ಲ. ಮಕ್ಕಳ ರಕ್ಷಣೆಗೆ ಕೇಂದ್ರ ಸರ್ಕಾರ ಮಾಡಿದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಕೊಡುವ ಯೋಜನೆ ಉಂಟು, ಕಷ್ಟದಲ್ಲಿರುವ ಮಗು ಕುಟುಂಬದಲ್ಲೇ ಉಳಿದು ಓದ್ಲಿ ಅಂತ. ಇಂಥ ಮನೆಗಳನ್ನ ಅದಕ್ಕೆ ಸೇರಿಸ್ಲಿಕ್ಕೆ ಆಗ್ತದಾ ಅಂತ ಒಂದೊಂದೇ ಕೇಸಲ್ಲಿ ನೋಡಿ. ನಾಲ್ಕು ಸಾವಿರ ಇದ್ದಿದ್ರೆ ಆ ಹುಡುಗ ಮೊಬೈಲ್ ಅಂಗಡಿಗೆ ಹೋಗ್ತಿರ್ಲಿಲ್ಲ ಅಂತ ನಾನು ಅವನ ತಾಯಿಯ ಲೆಕ್ಕ ನೋಡಿಯೇ ಹೇಳ್ತಿದ್ದೇನೆ.

ಇನ್ನೊಂದು, ಇದು ಪಿಗ್ಮಿ ಮಾಡಿದವಳಾಗಿ ಹೇಳ್ತೇನೆ. ಆಗುವ ಮೊದಲೇ ತಡೀಲಿಕ್ಕೆ ಮನೆ ಬಾಗಿಲಿಗೆ ಹೋಗುವ ಜನ ಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಅನ್ನುವ ಊರಲ್ಲಿ 1970ರ ದಶಕದ ಕೊನೆಗೆ ಡೇವಿಡ್ ಓಲ್ಡ್ಸ್ ಅನ್ನುವವ್ರು ಒಂದು ಪ್ರಯೋಗ ಶುರು ಮಾಡಿದ್ರು, ಮೊದಲ ಸಲ ತಾಯಿ ಆಗುವವ್ರ ಮನೆಗೆ, ಬಸುರಿ ಇದ್ದಾಗಿಂದ ಮಗುವಿಗೆ ಎರಡು ವರ್ಷ ಆಗುವವರೆಗೆ, ನರ್ಸ್ ಹೋಗಿ ಕೂತು ಮಾತಾಡಿ ಬರುದು. 15 ವರ್ಷದ ಮೇಲೆ ನೋಡಿದ್ರೆ ಆ ಮನೆಗಳಲ್ಲಿ ಮಕ್ಕಳ ಮೇಲಿನ ಹಿಂಸೆ, ಅಲಕ್ಷ್ಯದ ಪ್ರಕರಣ ಶೇ. 48 ಕಡಿಮೆ ಇತ್ತು. ಅಲ್ಲಿ ಅದಕ್ಕೆ ಹೊಸದಾಗಿ ನರ್ಸುಗಳನ್ನ ಹುಡುಕ್ಬೇಕಾಯ್ತು, ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಈಗಲೇ ಹೆರಿಗೆ ಆದ ಮನೆಗೆ 42 ದಿನದೊಳಗೆ ಆರೇಳು ಸಲ ಹೋಗ್ತಾರೆ, ಮತ್ತೆ 15 ತಿಂಗಳವರೆಗೂ ಹೋಗ್ತಾರೆ, ಅಂಗನವಾಡಿ ಟೀಚರ್ ಮೂರರಿಂದ ಆರು ವರ್ಷದವರೆಗೆ ಮಗುವನ್ನ ದಿನಾ ನೋಡ್ತಾರೆ. ತೂಕ ಬರ್ಕೊಳ್ಳುದು, ಚುಚ್ಚುಮದ್ದು ಕೇಳುದು, ಅಷ್ಟಕ್ಕೇ ಅವ್ರ ಸಮಯ ಮುಗೀತದೆ. ಅಮ್ಮ ಹೇಗಿದ್ದಾಳೆ, ಗಂಡ ಹೊಡೀತಾನಾ, ಮಗು ಅತ್ರೆ ಅವಳಿಗೆ ಎಂತ ಆಗ್ತದೆ, ಮಗು ಯಾರನ್ನಾದ್ರೂ ಕಂಡ್ರೆ ಹೆದರ್ತದಾ ಅಂತ ಕೇಳ್ಲಿಕ್ಕೆ ಅವ್ರಿಗೆ ಟ್ರೈನಿಂಗ್ ಕೊಡಿ, ಅದಕ್ಕೆ ಬೇರೆ ಗೌರವಧನ ಕೊಡಿ, ಸುಮ್ಮನೆ ಇನ್ನೊಂದು ಫಾರ್ಮು ಅವ್ರ ಚೀಲಕ್ಕೆ ತುಂಬ್ಬೇಡಿ. ಮನೆಗೆ ಹೋಗುವ ಹೆಂಗಸಿಗೆ ಬಾಗಿಲಲ್ಲೇ ಅರ್ಧ ವಿಷಯ ಗೊತ್ತಾಗ್ತದೆ, ನನಗೆ ಗೊತ್ತಾಗ್ತಿತ್ತು, ಗೊತ್ತಾದದ್ದನ್ನ ಯಾರಿಗೆ ಹೇಳ್ಬೇಕು ಅಂತ ಮಾತ್ರ ಗೊತ್ತಿರ್ಲಿಲ್ಲ.

ಮಕ್ಕಳ ಮಾತು ಕೇಳ್ಲಿಕ್ಕೆ ಪಂಚಾಯತಿಯವ್ರು ಕರೆಯುವ ಮಕ್ಕಳ ಗ್ರಾಮಸಭೆ ಕೂಡ ಹಾಗೇ. ನಮ್ಮದೇ ಕುಂದಾಪುರ ತಾಲೂಕಿನ ಕೆರಾಡಿಯಂಥ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಅಂತ ಮಾಡಿ ಮಕ್ಕಳೇ ಚುನಾವಣೆ ನಡೆಸಿ ದೊಡ್ಡವರ ಎದುರು ಕೂತು ಪ್ರಶ್ನೆ ಕೇಳಿದ್ರು, ಬೇರೆ ದೇಶದವ್ರೆಲ್ಲ ಬಂದು ನೋಡಿ ಹೋದ್ರು. ಈಗ ಎಷ್ಟೋ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂದ್ರೆ ಒಂದು ಸ್ವಾಗತ ನೃತ್ಯ, ನಾಲ್ಕು ಭಾಷಣ, ಲಡ್ಡು. ಶಾಲೆಯ ಶೌಚಾಲಯದ ಚಿಲಕ ಇಲ್ಲ ಅಂತ ಒಬ್ಬಳು ಹೇಳಿದ್ರೆ ಮುಂದಿನ ವರ್ಷವೂ ಚಿಲಕ ಇರೋದಿಲ್ಲ. ಚಿಲಕ ಹಾಕಿಸದ ದೊಡ್ಡವ್ರ ಹತ್ರ ಇದಕ್ಕಿಂತ ದೊಡ್ಡ ವಿಷಯ ಮಗು ಬಂದು ಹೇಳ್ತದಾ? ಸಿಇಓ ಅವ್ರೇ, ಇದನ್ನ ತಾವು ಮನಸ್ಸು ಮಾಡಿದ್ರೆ ಈ ವರ್ಷವೇ ಸರಿ ಮಾಡಬಹುದು.

ಓದುತ್ತಿರುವ ಬೇರೆಯವ್ರಿಗೆ ಇಷ್ಟು ಹೇಳ್ತೇನೆ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಿ, ತುರ್ತು ಆದ್ರೆ 112. ಮಗುವಿನ ಹೇಳಿಕೆ ತಗೊಳ್ಳಿಕ್ಕೆ ಮಗುವನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕಾಗಿಲ್ಲ, ಮನೆಗೇ ಬರ್ಬೇಕು, ಪೊಲೀಸರು ಯೂನಿಫಾರ್ಮ್ ಹಾಕಿರಬಾರ್ದು, ಆದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಇರ್ಬೇಕು, ಪೋಕ್ಸೋ ಕಾಯ್ದೆಯ 24ನೇ ಕಲಂ ಅದು. ಆಸ್ಪತ್ರೆಯಲ್ಲಿ ದುಡ್ಡು ಕೇಳಿದ್ರೆ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಅಂತ ಹೇಳಿ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಪೋಕ್ಸೋ 8ನೇ ನಿಯಮ ಅಂತ ಕೇಳಿ, ಬೆಂಬಲ ವ್ಯಕ್ತಿ ಯಾರು ಅಂತ ಕೇಳಿ ಹೆಸರು ನಂಬರ್ ಬರ್ಕೊಳ್ಳಿ. ಮತ್ತೆ ಆ ಮನೆಯ ಜೊತೆ ಮಾತು ಬಿಡ್ಬೇಡಿ, ನೇಮಕ್ಕೆ ಮೊದಲ ಹೇಳಿಕೆ ಅವ್ರಿಗೆ ಹೋಗ್ಲಿ. ಅದಕ್ಕೆ ಯಾವ ಇಲಾಖೆಯ ದುಡ್ಡೂ ಬೇಡ.

ಆ ಹುಡುಗಿ ಈಗ ಒಂಬತ್ತನೇ ಕ್ಲಾಸು. ಹೊಸ ಶಾಲೆಯ ಒಬ್ಬರು ಗಣಿತ ಟೀಚರ್ ಅವಳನ್ನ ಏನೂ ಕೇಳದೆ ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸ್ಕೊಂಡು ಲೆಕ್ಕ ಮಾಡಿಸ್ತಾರಂತೆ, ಎರಡು ವರ್ಷದಿಂದ. ಹೋದ ಪರೀಕ್ಷೆಯಲ್ಲಿ 71 ಬಂದಿದೆ. ಮೊನ್ನೆ ತಾಯಿ ನನಗೆ ಫೋನ್ ಮಾಡಿ, ಈಗ ನಮ್ಮ ಕಡೆಗೆ ಪಿಗ್ಮಿಗೆ ಯಾರು ಬರ್ತಾರೆ ಅಕ್ಕ, ದಿನಕ್ಕೆ 10 ರೂಪಾಯಿ ಆದ್ರೂ ತಗೊಳ್ತಾರಾ ಅಂತ ಕೇಳಿದ್ಳು. ನಾನು ನಿವೃತ್ತಿ ಆಗಿದ್ದೇನೆ, ನನ್ನ ಜಾಗಕ್ಕೆ ಬಂದ ಹುಡುಗಿಗೆ ಹೇಳಿ ಕಳಿಸಿದ್ದೇನೆ.

ನೋಟ್‌ಬುಕ್ಕಿನ ಲೆಕ್ಕದ ಹಾಳೆಗಳನ್ನ ಹೆಸರು ತೆಗೆದು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ, 14 ವಾಯಿದೆಯ ಬಸ್ ಟಿಕೆಟಿನ ಸಮೇತ. ತಾವು ಒಂದು ದಿನ ಹೇಳಿದ್ರೆ ಮಣಿಪಾಲಕ್ಕೆ ತಗೊಂಡು ಬರ್ತೇನೆ. ಮಕ್ಕಳ ರಕ್ಷಣಾ ಘಟಕದವ್ರೂ ಆ ದಿನ ಜೊತೆಗೆ ಕೂತ್ರೆ ಒಳ್ಳೇದು, ಒಂದೊಂದೇ ಸಾಲು ಓದಿ ಇದರಲ್ಲಿ ಯಾವುದು ಯಾವ ನಿಯಮದಲ್ಲಿ ಕೊಡಬಹುದಿತ್ತು ಅಂತ ಗುರ್ತು ಹಾಕುವ.

ಇತಿ,
ಉಡುಪಿ ತಾಲೂಕಿನ ಒಬ್ಬಳು ನಿವೃತ್ತ ಪಿಗ್ಮಿ ಕಲೆಕ್ಟರ್